ಕಕ್ಕು ಹಾಕುವಾಗ ಹಾರಿದ ಚೂರು

ರಾಗಿ ತೆನೆ ಬಲಿಯುವ ಹೊತ್ತಿಗೆ ನಮ್ಮ ಕುಲುಮೆ ಮುಂದೆ ಕುಡ್ಲುಗಳ ರಾಶಿ ಬೀಳುತ್ತದೆ. ಹೋದ ವರ್ಷ ಕೊಯ್ಲು ಮುಗಿಸಿ ಸೂರಿಗೆ ಸಿಕ್ಕಿಸಿಟ್ಟದ್ದನ್ನು ಇಳಿಸಿ, ಗೋಣಿಚೀಲದಲ್ಲಿ ಸುತ್ತಿಕೊಂಡು ತರುತ್ತಾರೆ. ಒಂದು ಮನೆಯದು ಇನ್ನೊಂದು ಮನೆಯದಕ್ಕೆ ಬೆರೆಯಬಾರದೆಂದು ಹಿಡಿಗೆ ಸೀರೆ ಅಂಚನ್ನೋ ಬಣ್ಣದ ದಾರವನ್ನೋ ಕಟ್ಟಿರುತ್ತಾರೆ. ಎಲ್ಲರಿಗೂ ಅವಸರ. “ಆಚಾರ್ರೇ, ನಾಳೀಕೆ ಆಳು ಬತ್ತವ್ರೆ, ನಂದು ಮೊದ್ಲು ಮಾಡ್ಕೊಟ್ಬುಡಿ” ಎನ್ನದವರೇ ಇಲ್ಲ. ವರ್ಷದಲ್ಲಿ ನಮಗೆ ಕೈತುಂಬ ಕೆಲಸ ಇರುವುದು ಕಾರ್ತಿಕದ ಆ ಕೆಲವು ವಾರ ಮಾತ್ರ. 2019ರ ಕಾರ್ತಿಕದಲ್ಲಿ ಅಂಥದೊಂದು ದಿನ ನನ್ನ ಬಲಗಣ್ಣು ಹೋಯಿತು. ಹೇಗೆ ಹೋಯಿತು, ಆಮೇಲೆ ಏನೇನಾಯಿತು ಎಂಬುದು ನನ್ನ ಕಸುಬಿನವರಿಗೂ ಅವರ ಹತ್ತಿರ ಕುಡ್ಲು ಮಾಡಿಸುವವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯವನು. ವಯಸ್ಸು ಐವತ್ತು ದಾಟಿದೆ. ಹೇಮಾವತಿ ನಾಲೆ ನೀರು ಹಾಯುವ ಗದ್ದೆಯೂ ಮಳೆಯನ್ನೇ ನಂಬಿದ ಹೊಲವೂ ನಮ್ಮೂರಿಗೆ ಸೇರಿವೆ. ಹಾಗಾಗಿ ಭತ್ತ, ರಾಗಿ ಕೊಯ್ಯುವ ಕುಡ್ಲು, ಕಬ್ಬು ಕಡಿಯುವ ಮಚ್ಚು, ಗರಿ ಸವರುವ ಕತ್ತಿ, ಕಳೆಕುಡ್ಲು, ಗುದ್ದಲಿ, ಕೊಡಲಿ ಎಲ್ಲಕ್ಕೂ ಗಿರಾಕಿ ಇದ್ದಾರೆ. ತಾತನ ಕಾಲದಲ್ಲಿ ದುಡ್ಡಿನ ಲೆಕ್ಕವೇ ಇರಲಿಲ್ಲವಂತೆ. ವರ್ಷವೆಲ್ಲ ಊರವರ ಗುಳ ಹಣಿದು, ಕುಡ್ಲಿಗೆ ಕಕ್ಕು ಹಾಕಿ ಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯ ತರುತ್ತಿದ್ದರು. ಅಪ್ಪನ ಕಾಲಕ್ಕೆ ಅದು ಅರ್ಧಂಬರ್ಧವಾಯಿತು, ನನ್ನ ಕಾಲಕ್ಕೆ ನಿಂತೇ ಹೋಯಿತು. ಟ್ರ್ಯಾಕ್ಟರ್ ಬಂದ ಮೇಲೆ ಗುಳದ ಕೆಲಸ ಹೋಯಿತು. ತಮಿಳುನಾಡಿನ ಕಡೆಯಿಂದ ಭತ್ತ ಕೊಯ್ಯುವ ಯಂತ್ರಗಳು ಬರತೊಡಗಿದ ಮೇಲೆ ಗದ್ದೆ ಕುಡ್ಲಿನ ಕೆಲಸ ಕಡಿಮೆಯಾಯಿತು. ಉಳಿದದ್ದು ಹೊಲದ ರಾಗಿ, ತೆಂಗಿನ ತೋಟ, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೂ ಆಲೆಮನೆಗಳಿಗೂ ಹೋಗುವ ಕಬ್ಬು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವ ಗ್ಯಾಂಗಿನವರು ನನ್ನ ಒಳ್ಳೆಯ ಗಿರಾಕಿಗಳು. ಮಚ್ಚನ್ನು ಕೈಯಲ್ಲಿ ಎರಡು ಸಲ ಆಡಿಸಿ ನೋಡಿ, ಬೇಕು ಬೇಡ ಎಂದುಬಿಡುತ್ತಾರೆ. ಚೌಕಾಸಿ ಕಡಿಮೆ.

ಉಕ್ಕಿಗೆ ಗುಜರಿ ಅಂಗಡಿಯೇ ಗತಿ. ಲಾರಿಯ ಹಳೆ ಕಮಾನುಪಟ್ಟಿ ನಮಗೆ ಬಂಗಾರ, ಹದ ಹಿಡಿಯುತ್ತದೆ. ಮನೆ ಕಟ್ಟುವ ಸರಳಿನಲ್ಲಿ ಮಾಡಿದ ಕುಡ್ಲು ಒಂದು ಹೊಲ ಮುಗಿಯುವುದರೊಳಗೆ ಮೊಂಡು. ಇದ್ದಲು ಜಾಲಿಯದಾದರೆ ಒಳ್ಳೆಯದು, ಸಿಗದಿದ್ದರೆ ತೆಂಗಿನ ಕರಟದ್ದು. ತಿದಿ ಒತ್ತುವ ಕಾಲ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ. ಸಮ್ಮಟಿ ಹೊಡೆಯುವುದು ಮಾತ್ರ ನನ್ನ ಹೆಂಡತಿಯೇ. ಕಮ್ಮಾರರ ಮನೆಗಳಲ್ಲಿ ಇದು ಹೊಸದಲ್ಲ, ನಮ್ಮವ್ವನೂ ಹೊಡೆಯುತ್ತಿದ್ದಳು. ಆದರೆ ಸಂತೆಯಲ್ಲಿ ಕುಡ್ಲು ಕೊಳ್ಳುವವರು ಬೆನ್ನು ತಟ್ಟುವುದು ಗಂಡಸನ್ನೇ.

ರಾಗಿ ಕುಡ್ಲಿಗೆ ಕಕ್ಕು ಬೇಕು. ಅಂಚಿನ ಉದ್ದಕ್ಕೂ ಒತ್ತೊತ್ತಾಗಿ ಸಣ್ಣ ಗೀರು ಕಡಿದಿದ್ದರೆ ದಂಟು ಜಾರದೆ ಕಚ್ಚಿ ಕುಯ್ಯುತ್ತದೆ. ಹಳೆ ಕುಡ್ಲನ್ನು ಮೊದಲು ಕೆಂಪಗೆ ಕಾಯಿಸಿ ಬೂದಿಯೊಳಗೆ ಹೂತು ನಿಧಾನವಾಗಿ ಆರಿಸಬೇಕು. ಆಗ ಉಕ್ಕು ಮೆತ್ತಗಾಗುತ್ತದೆ. ಅಂಚನ್ನು ಹಣಿದು ತೆಳ್ಳಗೆ ಮಾಡಿ, ಅಡಿಗಲ್ಲಿನ ಮೇಲಿಟ್ಟು, ಸಣ್ಣ ಚಾಣದಿಂದ ಒಂದೊಂದೇ ಕಕ್ಕು ಕಡಿಯಬೇಕು. ಆಮೇಲೆ ಮತ್ತೆ ಕಾಯಿಸಿ ನೀರಿಗೆ ಹಾಕಿದರೆ ಗಾಜಿನಷ್ಟು ಗಡುಸಾಗುತ್ತದೆ. ಹಾಗೇ ಬಿಟ್ಟರೆ ಕಲ್ಲಿಗೆ ತಾಗಿದ ಕೂಡಲೇ ಕಕ್ಕು ಉದುರುತ್ತವೆ. ಅದಕ್ಕೆ ಇನ್ನೊಮ್ಮೆ ಸಣ್ಣ ಕಾವು ಕೊಟ್ಟು, ಉಜ್ಜಿದ ಉಕ್ಕಿನ ಮೇಲೆ ಓಡುವ ಬಣ್ಣ ನೋಡುತ್ತಾ ಕೂರಬೇಕು. ಮೊದಲು ತಿಳಿಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಕುಡ್ಲಿಗೆ ಕಂದಿನಲ್ಲಿ ನಿಲ್ಲಿಸುತ್ತೇನೆ, ಮರಕ್ಕೆ ಬೀಳುವ ಮಚ್ಚನ್ನು ನೇರಳೆ ದಾಟಿಸುತ್ತೇನೆ. ಕಣ್ಣು ಮಿಟುಕಿಸಿದರೆ ಬಣ್ಣ ಮುಂದೆ ಓಡಿರುತ್ತದೆ. ನಮ್ಮ ಕೈಯ ಕೆಲಸವನ್ನು ಎಲ್ಲರೂ ಹೊಗಳುತ್ತಾರೆ, ಇದೆಲ್ಲ ಕಣ್ಣಿನ ಕೆಲಸ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಚಾಣದ ತಲೆಗೆ ದಿನವೆಲ್ಲ ಸುತ್ತಿಗೆ ಬೀಳುತ್ತದೆ. ಬಿದ್ದು ಬಿದ್ದು ಅದರ ತಲೆ ಅಣಬೆಯ ಕೊಡೆಯಂತೆ ಅರಳಿ, ಅಂಚು ಸೀಳುತ್ತದೆ. ಆ ಸೀಳಿನಿಂದ ಒಂದು ಚೂರು ಸಿಡಿದರೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಹೋಗುತ್ತದೆ. ಅಪ್ಪನ ಮುಂಗೈಯಲ್ಲಿ ಚರ್ಮದಡಿ ಇಂಥ ಮೂರು ಕರಿ ಚುಕ್ಕೆ ಇದ್ದವು. ಮಕ್ಕಳಾಗಿದ್ದಾಗ ನಾವು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು.

ಅವತ್ತು ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಇಬ್ಬರು ಗಿರಾಕಿಗಳು ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಕಕ್ಕು ಕಡಿಯುತ್ತಿದ್ದಾಗ ಬಲಗಣ್ಣಿಗೆ ಏನೋ ಚುಚ್ಚಿದ ಹಾಗಾಯಿತು. ನೋವು ಹೆಚ್ಚಿರಲಿಲ್ಲ. ಇದ್ದಲಿನ ಕಿಡಿ ತಾಗಿದರೆ ಇದಕ್ಕಿಂತ ಹೆಚ್ಚು ಉರಿಯುತ್ತದೆ. ಕಣ್ಣಲ್ಲಿ ನೀರು ಬಂತು, ರಕ್ತ ಬರಲಿಲ್ಲ. ಎದುರಿನ ಹುಣಸೆ ಮರ ಕಾಣುತ್ತಿತ್ತು. ಎಲೆಅಡಿಕೆ ಹಾಕುತ್ತಿದ್ದವರೊಬ್ಬರು “ಉಜ್ಜಬ್ಯಾಡಿ ಆಚಾರ್ರೇ, ಒಂದ್ತೊಟ್ಟು ಅಳ್ಳೆಣ್ಣೆ ಬುಡಿ” ಎಂದರು. ನನ್ನ ಹೆಂಡತಿ ಎಣ್ಣೆ ಬೇಡವೇ ಬೇಡ ಎಂದು ಹಠ ಹಿಡಿದು, ಮಗನ ಬೈಕಿನಲ್ಲಿ ಕೂರಿಸಿ ಪೇಟೆಗೆ ಕಳಿಸಿದಳು. ಅವಳ ಆ ಹಠದ ಬೆಲೆ ಆಮೇಲೆ ಗೊತ್ತಾಯಿತು.

ಪೇಟೆಯ ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ನನ್ನ ಸರದಿ ಬಂದಾಗ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ರೆಪ್ಪೆ ಮಗುಚಿ ನೋಡಿದರು, ನೀರು ಹಾಯಿಸಿ ತೊಳೆದರು. “ಒಳಗೇನೂ ಇಲ್ಲ, ಗೀರು ಬಿದ್ದಿದೆ” ಎಂದು ಡ್ರಾಪ್ಸು, ಮಾತ್ರೆ ಬರೆದುಕೊಟ್ಟರು. ನೀನು ಏನು ಕೆಲಸ ಮಾಡುತ್ತೀ, ಯಾವ ಕೆಲಸ ಮಾಡುವಾಗ ಬಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೈತುಂಬ ಮಸಿ ಮೆತ್ತಿಕೊಂಡೇ ಹೋಗಿದ್ದೆ.

ಮಾರನೆಯ ದಿನವೂ ಕೂತು ಕುಡ್ಲು ಮಾಡಿದೆ. ಸಂಜೆಗೆ ಕಣ್ಣು ಕೆಂಪಾಗಿ, ಹುಣಸೆ ಮರದ ಮೇಲೆ ಹೊಗೆ ಕವಿದು ಕಂಡಿತು. ರಾತ್ರಿ ಶುರುವಾದ ನೋವಿನಲ್ಲಿ ಹಣೆಯ ಅರ್ಧ ಭಾಗ ಸಿಡಿಯುತ್ತಿತ್ತು. ಬೆಳಗ್ಗೆ ಚಿನಕುರಳಿ, ಪಾಂಡವಪುರದ ಮೇಲಿನ ಬಸ್ಸಿನಲ್ಲಿ ಮೈಸೂರಿಗೆ ಹೊರಟೆವು. ಸುಮಾರು ಅರವತ್ತು ಕಿಲೋಮೀಟರ್ ದಾರಿ. ರಸ್ತೆಯ ಒಂದೊಂದು ಉಬ್ಬೂ ಕಣ್ಣಿಗೇ ಬಂದು ಬಡಿಯುತ್ತಿತ್ತು.

ಮೈಸೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ಡಾಕ್ಟರಮ್ಮ. ನನ್ನ ಕೈ ನೋಡಿ ಮೊದಲು ಕೇಳಿದ್ದೇ “ಏನು ಕೆಲಸ ಮಾಡ್ತೀರಿ?” ಎಂದು. ಕುಲುಮೆ ಎಂದೆ. ಸುತ್ತಿಗೆ ಹೊಡೀತಿದ್ರಾ ಎಂದರು, ಹೌದೆಂದೆ. ಅವರ ಮುಖ ಬದಲಾಯಿತು. ಯಂತ್ರದ ಮುಂದೆ ಗದ್ದ ಇರಿಸಿ ನೋಡಿದರು. ಕರಿಗುಡ್ಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ತೂತಿತ್ತು, ಅದು ಆಗಲೇ ಮುಚ್ಚಿಕೊಂಡಿತ್ತು. ಒಳಗಿನ ಮಸೂರ ಒಡೆದು ಬೆಳ್ಳಗಾಗುತ್ತಿತ್ತು. ಸಿ.ಟಿ. ತೆಗೆಸಿದಾಗ ಕಣ್ಣಿನ ಹಿಂಭಾಗದಲ್ಲಿ ಬೆಳ್ಳನೆಯ ಒಂದು ಚುಕ್ಕೆ. ಅದು ನನ್ನ ಚಾಣದ ತುಂಡು.

ಎಂ.ಆರ್.ಐ. ಮಾತ್ರ ಮಾಡಿಸಲೇಬಾರದು ಎಂದು ಅವರು ಚೀಟಿಯ ಮೇಲೆ ದಪ್ಪಗೆ ಬರೆದರು. ಆ ಯಂತ್ರ ದೊಡ್ಡ ಅಯಸ್ಕಾಂತ, ಕಣ್ಣಿನೊಳಗಿನ ಕಬ್ಬಿಣವನ್ನು ಎಳೆದಾಡಿ ಇನ್ನಷ್ಟು ಕುಯ್ದುಹಾಕುತ್ತದಂತೆ. ಚೂರನ್ನು ಒಳಗೇ ಬಿಟ್ಟರೆ ಕಬ್ಬಿಣ ಕರಗಿ, ಕಣ್ಣಿನ ಪರದೆಗೆ ತುಕ್ಕಿನ ವಿಷ ಏರಿ, ನಿಧಾನವಾಗಿ ಕಣ್ಣು ಸಾಯುತ್ತದೆ ಎಂದೂ ವಿವರಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ನನ್ನೊಳಗೇ ಹಿಡಿಯುತ್ತದೆಂದು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಕೀವು ಶುರುವಾಗಿದ್ದರಿಂದ ಅಂದೇ ಆಪರೇಷನ್ ಆಯಿತು. ಒಳಗಿನ ಲೋಳೆಯನ್ನೂ ಕೆಟ್ಟ ಮಸೂರವನ್ನೂ ತೆಗೆದು, ಸಣ್ಣ ಅಯಸ್ಕಾಂತದ ತುದಿಯಿಂದ ಚೂರನ್ನು ಹೊರಗೆಳೆದರು. ಆಮೇಲೆ ಪುಟ್ಟ ಸೀಸೆಯಲ್ಲಿ ಹಾಕಿ ತೋರಿಸಿದರು. ರಾಗಿ ಕಾಳಿನ ಕಾಲು ಭಾಗ ಇರಬಹುದು.

ಬಿ.ಪಿ.ಎಲ್. ಕಾರ್ಡ್ ಇದ್ದುದರಿಂದ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ನಿನ ಖರ್ಚು ಬಹುಪಾಲು ಕಳೆಯಿತು. ಆ ಯೋಜನೆ ಇಲ್ಲದಿದ್ದರೆ ಅಡಿಗಲ್ಲನ್ನೇ ಮಾರಬೇಕಾಗುತ್ತಿತ್ತು. ಅದಕ್ಕಾಗಿ ಸರ್ಕಾರಕ್ಕೆ ಕೈಮುಗಿಯುತ್ತೇನೆ. ಆದರೆ ಬಸ್ಸು, ಡ್ರಾಪ್ಸು, ಜೊತೆಗೆ ಬಂದವರ ಊಟ, ನಿಂತುಹೋದ ದುಡಿಮೆ, ಇವು ಯಾವ ಕಾರ್ಡಿಗೂ ಸೇರುವುದಿಲ್ಲ. ಕುಲುಮೆ ಮುಂದೆ ರಾಶಿ ಬಿದ್ದಿದ್ದ ಕುಡ್ಲುಗಳನ್ನು ನನ್ನ ಹೆಂಡತಿ ದಾರ ನೋಡಿ ನೋಡಿ ಹಾಗೇ ವಾಪಸು ಕೊಟ್ಟಳು. ಕೆಲವರು ಅಂಗಡಿಯ ಸಿದ್ಧ ಕುಡ್ಲು ಕೊಂಡರು. ಇನ್ನು ಕೆಲವರು ಹೆದ್ದಾರಿ ಪಕ್ಕದಲ್ಲಿ ಡೇರೆ ಹಾಕಿದ್ದ ಮಧ್ಯಪ್ರದೇಶದ ಕಮ್ಮಾರರ ಹತ್ತಿರ ಮಾಡಿಸಿಕೊಂಡರು. ಅವರ ಹೆಂಗಸರು ಸಮ್ಮಟಿ ಎತ್ತಿ ಹೊಡೆಯುವುದನ್ನು ನೀವೂ ನೋಡಿರಬಹುದು. ಅವರು ನಮ್ಮ ಗಿರಾಕಿ ಕಿತ್ತುಕೊಂಡರೆಂದು ನನಗೆ ಸಿಟ್ಟಿಲ್ಲ. ಅವರ ಕೂಸುಗಳು ಕಿಡಿ ಹಾರುವ ಜಾಗದಲ್ಲೇ ಆಡುತ್ತಿರುತ್ತವೆ, ಈಗ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಣ್ಣು ಉಳಿಯಿತೆಂದು ಸಮಾಧಾನವಾಗುವ ಹೊತ್ತಿಗೆ ಕೆಳಗಿನಿಂದ ಕರಿ ಪರದೆಯೊಂದು ಮೇಲೇರತೊಡಗಿತು. ಕಣ್ಣಿನ ಒಳಪರದೆ ಗೋಡೆಯಿಂದ ಕಿತ್ತು ಬಂದಿತ್ತು. ಗಾಯವಾದ ಕಣ್ಣಿನಲ್ಲಿ ಹೀಗಾಗುವುದುಂಟು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಮತ್ತೆ ಆಪರೇಷನ್. ಈ ಸಲ ಪರದೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಲೆಂದು ಕಣ್ಣಿನ ತುಂಬ ಸಿಲಿಕೋನ್ ಎಣ್ಣೆ ತುಂಬಿದರು. ಎಣ್ಣೆ ಹಗುರ, ಮೇಲಕ್ಕೆ ತೇಲುತ್ತದೆ. ಮುಖವನ್ನು ನೆಲಕ್ಕೆ ಮಾಡಿದರೆ ಅದು ಕಣ್ಣಿನ ಹಿಂಬದಿಗೆ ಹೋಗಿ ಪರದೆಯನ್ನು ಒತ್ತುತ್ತದೆ. ಆದ್ದರಿಂದ ಹಗಲೂ ರಾತ್ರಿ ಬೋರಲಾಗಿ ಮಲಗಬೇಕು.

ನನ್ನ ಕಷ್ಟಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಹೇಳುವುದು ಆ ಬೋರಲು ಮಲಗಿದ ದಿನಗಳನ್ನೇ. ಚೂರು ಹೊಕ್ಕಾಗ ಇಷ್ಟು ಸಂಕಟವಾಗಿರಲಿಲ್ಲ. ಮಂಚದ ಹುರಿ ಸಡಿಲಿಸಿ, ಮುಖ ತೂರುವಷ್ಟು ಜಾಗ ಮಾಡಿ ನನ್ನನ್ನು ಮಲಗಿಸಿದರು. ಊಟ, ನೀರು ಎಲ್ಲ ತಲೆ ತಗ್ಗಿಸಿಕೊಂಡೇ. ಎದೆ ಒತ್ತುತ್ತದೆ, ಕತ್ತು ಮರಗಟ್ಟುತ್ತದೆ, ಮೂಗು ಕಟ್ಟುತ್ತದೆ. ಕಾಣುತ್ತಿದ್ದದ್ದು ಸಗಣಿ ಸಾರಿಸಿದ ನೆಲ, ಬಂದವರ ಕಾಲು. ಯಾರು ಬಂದರೆಂದು ಪಾದ ನೋಡಿಯೇ ಹೇಳುವಷ್ಟು ರೂಢಿಯಾಯಿತು. ಸಾಲ ಕೊಟ್ಟವರು ಬಂದು ಸುಮ್ಮನೆ ನಿಂತು ಹೋಗುತ್ತಿದ್ದರು. ಅವರ ಚಪ್ಪಲಿ ಬಾಗಿಲಲ್ಲಿ ಕಂಡರೆ ನಿದ್ದೆ ಬಂದವನಂತೆ ಇದ್ದುಬಿಡುತ್ತಿದ್ದೆ. ಒಂದು ಸಂಜೆ ಹೆಂಡತಿಯನ್ನು ಕರೆದು, ಕುಲುಮೆ ಮುಚ್ಚಿ ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸಕ್ಕೆ ಹೋಗೋಣ ಎಂದೆ. “ಒಂದ್ ಕಣ್ಣಿನ ವಾಚ್‌ಮನ್ನ ಯಾರ್ ಮಡಿಕತ್ತಾರೆ, ಸುಮ್ಕೆ ಮನಿಕಳಿ” ಎಂದಳು. ನಕ್ಕೆ. ನಕ್ಕದ್ದಕ್ಕೆ ಹೊಲಿಗೆ ಹಾಕಿದ್ದ ಜಾಗ ನೊಂದಿತು.

2020ರ ರಥಸಪ್ತಮಿಯ ಹೊತ್ತಿಗೆ ಎದ್ದು ಕೂರಲು ಅಪ್ಪಣೆ ಸಿಕ್ಕಿತ್ತು. ಬೆಂಕಿ, ದೂಳು ಕೂಡದು. ಅದೇ ಹೊತ್ತಿಗೆ ನಡೆಯುವ ಹೇಮಗಿರಿ ಜಾತ್ರೆ ನಮಗೆ ದೊಡ್ಡ ವ್ಯಾಪಾರ. ಹೇಮಾವತಿ ದಡದಲ್ಲಿ ದನ ಕಟ್ಟಿದ ರೈತರು ಹಗ್ಗ, ಗಂಟೆ, ಬಾರುಕೋಲಿನ ಜೊತೆಗೆ ಕುಡ್ಲು ಮಚ್ಚನ್ನೂ ಕೊಳ್ಳುತ್ತಾರೆ. ಆ ವರ್ಷ ಹೆಂಡತಿ ಮಗ ಇಬ್ಬರೇ ಹಳೆ ಸರಕು ಹೊತ್ತುಕೊಂಡು ಹೋದರು. ಮಗ ತಾನೇ ಹದ ಹಾಕಿದ್ದ ಕೆಲವು ಮಚ್ಚುಗಳನ್ನೂ ಸೇರಿಸಿದ್ದ. ಅವುಗಳಲ್ಲಿ ಒಂದೆರಡು ಬಾಯಿ ಮುಕ್ಕಾಗಿ ವಾಪಸು ಬಂದವು. ಕೊಂಡವರು ಬೈಯಲಿಲ್ಲ. “ನಿಮ್ಮಪ್ಪ ಎದ್ಮೇಕೆ ಮಾಡ್ಸ್ಕತೀವಿ ಬುಡು ಮಗಾ” ಎಂದು ಬಿಟ್ಟು ಹೋದರಂತೆ. ಆ ಮುಕ್ಕಾದ ಮಚ್ಚುಗಳನ್ನು ಮುಟ್ಟಿ ನೋಡಿದಾಗ ಮತ್ತೆ ಕುಲುಮೆಗೆ ಕೂರಬೇಕು ಎನ್ನಿಸಿತು.

ಆ ಸಿಲಿಕೋನ್ ಎಣ್ಣೆ ಕಣ್ಣಿನಲ್ಲಿ ಹೆಚ್ಚು ದಿನ ಇರಬಾರದು. ಒಳಗಿನ ಒತ್ತಡ ಏರುತ್ತದೆ. ಏಪ್ರಿಲ್‌ನಲ್ಲಿ ತೆಗೆಯೋಣ ಎಂದಿದ್ದರು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಬಸ್ಸಿಲ್ಲ. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ ಮೈಸೂರೆಂದರೆ ಎಲ್ಲರೂ ಹೆದರುವ ಕಾಲ. ಜಿಲ್ಲೆಯ ಗಡಿಯಲ್ಲಿ ತಡೆ. ಆಸ್ಪತ್ರೆಗೆ ಫೋನ್ ಮಾಡಿದರೆ ತುರ್ತು ಕೇಸು ಬಿಟ್ಟು ಬೇರೆ ಆಪರೇಷನ್ ನಿಲ್ಲಿಸಿದ್ದಾರೆ ಎಂದರು. ಒತ್ತಡ ಇಳಿಸುವ ಡ್ರಾಪ್ಸು ದಿನಕ್ಕೆರಡು ಸಲ ಬಿಡಬೇಕು. ಪೇಟೆಯ ಔಷಧ ಅಂಗಡಿಗಳಲ್ಲಿ ಅದು ಮುಗಿದುಹೋಯಿತು. ಆಗ ಓಡಾಡುತ್ತಿದ್ದದ್ದು ಹಾಲಿನ ಗಾಡಿಗಳು. ಡೇರಿಗೆ ಬರುತ್ತಿದ್ದ ಚಾಲಕನೊಬ್ಬನ ಕೈಗೆ ಚೀಟಿ, ದುಡ್ಡು ಕೊಟ್ಟೆವು. ಮಂಡ್ಯದಲ್ಲಿ ಹುಡುಕಿ ತಂದುಕೊಟ್ಟ. ಚಿಲ್ಲರೆ ಕೊಡಲು ಹೋದರೆ, ತನ್ನ ಮನೆಗೊಂದು ಈಳಿಗೆಮಣೆ ಮಾಡಿಕೊಡಿ ಸಾಕು ಎಂದ. ಆಮೇಲೆ ಮಾಡಿಕೊಟ್ಟೆ.

ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರು ಹಿಂದಿರುಗತೊಡಗಿದರು. ನಮ್ಮ ತಾಲ್ಲೂಕಿನಿಂದಲೂ ನಾಗಮಂಗಲದ ಕಡೆಯಿಂದಲೂ ಅಲ್ಲಿಗೆ ದುಡಿಯಲು ಹೋದವರು ಬಹಳ. ಹಾಸ್ಟೆಲು, ಶಾಲೆಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ದಿನವೂ ಟಿ.ವಿ.ಯಲ್ಲಿ ಕೆ.ಆರ್.ಪೇಟೆಯ ಹೆಸರು. ಊರೂರಿಗೆ ಮುಳ್ಳು ಬೇಲಿ ಬಿತ್ತು. ಆ ಬೇಲಿಗೆ ಮುಳ್ಳು ಕಡಿದದ್ದೂ ನಾನೇ ಮಾಡಿದ ಮಚ್ಚಿನಲ್ಲಿ ಎಂದು ಮಗ ತಮಾಷೆ ಮಾಡಿದ. ಮೇ 19ರಿಂದ ಸರ್ಕಾರಿ ಬಸ್ಸು ಓಡಿದವು, ಅದಾದ ಮೇಲೆ ಹೇಗೋ ಮೈಸೂರು ತಲುಪಿದೆವು. ಎಣ್ಣೆ ತೆಗೆದರು. ತಡವಾಗಿದ್ದರಿಂದಲೋ, ಮೊದಲ ಗಾಯದಿಂದಲೋ, ಕಣ್ಣಿನ ನರ ಸೊರಗಿತ್ತು. ಈಗ ಆ ಕಣ್ಣಿಗೆ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ.

ಇನ್ನೊಂದು ಭಯವನ್ನೂ ಹೇಳಿ ಕಳಿಸಿದರು. ಒಂದು ಕಣ್ಣಿಗೆ ಆಳವಾದ ಗಾಯವಾದರೆ, ಅಪರೂಪಕ್ಕೆ, ಚೆನ್ನಾಗಿರುವ ಕಣ್ಣೂ ತಾನಾಗಿ ಉರಿಯೂತಕ್ಕೆ ಬೀಳುತ್ತದೆ. ವರ್ಷಗಳ ಮೇಲೂ ಬರಬಹುದು. ಎಡಗಣ್ಣು ಕೊಂಚ ಕೆಂಪಾದರೂ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಕುಲುಮೆಗೆ ಮತ್ತೆ ಕೂತಾಗ ಬಣ್ಣ ನೋಡುವುದು ಕಷ್ಟವಾಗಲಿಲ್ಲ, ಅದಕ್ಕೆ ಒಂದು ಕಣ್ಣು ಸಾಕು. ತಪ್ಪುತ್ತಿದ್ದದ್ದು ದೂರ. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ ನೆಲಕ್ಕೆ ಬೀಳುತ್ತಿತ್ತು. ಇಕ್ಕಳ ಚಾಚಿದರೆ ಕಾದ ಪಟ್ಟಿಯ ಈಚೆಗೇ ಬಾಯಿ ಮುಚ್ಚುತ್ತಿತ್ತು. ಬರೀ ಅಡಿಗಲ್ಲಿನ ಮೇಲೆ ಹೊಡೆಯುವುದು ಕೈಗೆ ಗೊತ್ತು. ಆದರೆ ಬೆರಳಗಲದ ಚಾಣದ ತಲೆಗೆ ಸುತ್ತಿಗೆ ತಾಗಿಸುವುದು ಬೇರೆ ಮಾತು. ಎಡಗೈ ಹೆಬ್ಬೆರಳಿನ ಉಗುರು ಹಲವು ಸಲ ಉದುರಿತು. ನಿಧಾನವಾಗಿ ಕೆಲವು ಉಪಾಯ ಕಲಿತೆ. ತಲೆಯನ್ನು ಆ ಕಡೆ ಈ ಕಡೆ ಸ್ವಲ್ಪ ಆಡಿಸಿದರೆ ಹತ್ತಿರದ್ದು ಯಾವುದು, ದೂರದ್ದು ಯಾವುದು ಗೊತ್ತಾಗುತ್ತದೆ. ಹೊಡೆಯುವ ಮುಂಚೆ ಸುತ್ತಿಗೆಯನ್ನು ಚಾಣದ ಮೇಲೆ ಒಮ್ಮೆ ಇಟ್ಟು ಎತ್ತುತ್ತೇನೆ. ಕುಲುಮೆ ಇರುವ ಮೂಲೆಯನ್ನು ಕತ್ತಲು ಮಾಡಿದ್ದೇನೆ, ಕೆಂಪು ಸರಿಯಾಗಿ ಕಾಣಲೆಂದು. ಹಳೆ ಸ್ಪೀಕರಿನ ಅಯಸ್ಕಾಂತವೊಂದನ್ನು ಸರಳಿಗೆ ಕಟ್ಟಿಟ್ಟುಕೊಂಡಿದ್ದೇನೆ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲೆ ಹೋದಾಗ ನೀರಿಗೆ ಹಾಕಿದರೆ ಸರಿ. ಮಗ ಫೋನಿನಲ್ಲಿ ನೋಡಿ ಹೇಳಿದ್ದು. ಅಪ್ಪ ಇದ್ದಿದ್ದರೆ ನಗುತ್ತಿದ್ದ, ಆದರೆ ಮಗನ ಮಚ್ಚುಗಳು ಆಮೇಲೆ ಮುಕ್ಕಾಗಿಲ್ಲ.

2020ರ ಮುಂಗಾರಿನಲ್ಲಿ ಅಚ್ಚರಿಯೊಂದು ನಡೆಯಿತು. ಮುಂಬೈಯಿಂದ ಬಂದವರು ವರ್ಷಗಟ್ಟಲೆ ಬೀಡು ಬಿದ್ದಿದ್ದ ಹೊಲ ಸವರಲು ಶುರುಮಾಡಿದರು. ಗುದ್ದಲಿ, ಮಚ್ಚು, ಕೊಡಲಿ ಕೇಳಿಕೊಂಡು ನಮ್ಮ ಬಾಗಿಲಿಗೇ ಬಂದರು. ಕುಡ್ಲು ಹಿಡಿಯುವುದನ್ನೇ ಮರೆತಿದ್ದ ಹುಡುಗರು ಹಿಡಿ ಸಣ್ಣದು ಮಾಡಿಕೊಡಿ ಎಂದು ಕೇಳುತ್ತಿದ್ದರು. ಸಾಲದ ಬಡ್ಡಿಯಷ್ಟಾದರೂ ಹುಟ್ಟಿತು. ಮರುವರ್ಷದ ಲಾಕ್‌ಡೌನಿನಲ್ಲಿ, 2021ರ ಮೇ ತಿಂಗಳಲ್ಲಿ, ನಮ್ಮ ತಾಲ್ಲೂಕಿನ ಬೂಕನಕೆರೆಯಲ್ಲೇ ಹುಟ್ಟಿದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಅಸಂಘಟಿತ ಕಾರ್ಮಿಕರಿಗೆ ತಲಾ 2,000 ರೂಪಾಯಿ ಘೋಷಿಸಿದರು. ಪಟ್ಟಿಯಲ್ಲಿ ಕಮ್ಮಾರರ ಹೆಸರೂ ಇತ್ತು.

ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗ ಅಲ್ಲಿನವರು ಲೆಕ್ಕ ಹೇಳಿದರು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇಕಡಾ 30. ಪಿಂಚಣಿಗೂ ಮೀಸಲಾತಿಗೂ ಕನಿಷ್ಠ 40 ಬೇಕು. ನಿಯಮ ಅವರು ಮಾಡಿದ್ದಲ್ಲ, ಬೈದು ಪ್ರಯೋಜನವಿಲ್ಲ. ಆದರೆ ದೂರ ಅಳೆಯಲಾರದ ಕಮ್ಮಾರನಿಗೆ ಶೇಕಡಾ 30 ಮಾತ್ರ ಹೋಗಿದೆ ಎಂದು ಅಳೆದವರು ಒಂದು ಕಣ್ಣು ಮುಚ್ಚಿಕೊಂಡು ಚಾಣದ ತಲೆಗೆ ಸುತ್ತಿಗೆ ಹೊಡೆದು ನೋಡಬೇಕು.

ಮಚ್ಚು ಮಾಡಿಸಲು ಬಂದ ವಕೀಲರೊಬ್ಬರು ಇನ್ನಷ್ಟು ತಿಳಿಸಿದರು. ಕಾರ್ಖಾನೆಯಲ್ಲಿ ಹೀಗೆ ಚೂರು ಸಿಡಿಯುವ ಕೆಲಸ ಮಾಡುವವರಿಗೆ ಮಾಲೀಕನೇ ಕನ್ನಡಕ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಹೇಳುತ್ತಿತ್ತಂತೆ. ಕಣ್ಣು ಹೋದರೆ ಪರಿಹಾರ ಎಷ್ಟೆಂದು 1923ರ ಕಾಯ್ದೆಯಲ್ಲೇ ಪಟ್ಟಿ ಇತ್ತಂತೆ. ಅದೆಲ್ಲ ಮಾಲೀಕ ಇರುವವರಿಗೆ. ನನ್ನ ಕುಲುಮೆಗೆ ಮಾಲೀಕ ನಾನೇ, ಆಳೂ ನಾನೇ. ಪರಿಹಾರವನ್ನು ಯಾರು ಯಾರಿಗೆ ಕೊಡಬೇಕು? ಇನ್ನೊಂದು ಸಂಗತಿ ಬ್ಯಾಂಕಿನಲ್ಲಿ ತಿಳಿಯಿತು. 2015ರಲ್ಲೇ ಶುರುವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಒಂದು ಕಣ್ಣಿನ ದೃಷ್ಟಿ ಪೂರ್ತಿಯಾಗಿ, ಮತ್ತೆ ಬಾರದಂತೆ ಹೋದರೆ 1 ಲಕ್ಷ ರೂಪಾಯಿ. ಕಂತು ಆಗ ವರ್ಷಕ್ಕೆ 12 ರೂಪಾಯಿ, 2022ರಿಂದ 20. ಖಾತೆ ತೆರೆದು ಎಷ್ಟೋ ವರ್ಷವಾಗಿತ್ತು, ಹೀಗೊಂದು ವಿಮೆ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಎರಡು ಕುಡ್ಲಿಗೆ ಕಕ್ಕು ಹಾಕಿದರೆ ಬರುವ ಕೂಲಿಗಿಂತ ಆ ಕಂತು ಕಡಿಮೆ. ಈಗ ಮನೆಯ ಮೂವರ ಹೆಸರಿನಲ್ಲೂ ಕಟ್ಟುತ್ತಿದ್ದೇವೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಳ್ಳೆಯದೇ. ತರಬೇತಿಯ ಮೊದಲ ಪಾಠ ಕಣ್ಣಿನದೇ ಆಗಿರಬೇಕು ಎಂಬುದು ನನ್ನ ಬೇಡಿಕೆ. ಸುತ್ತಿಗೆ ಹಿಡಿಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ನನ್ನ ಕಸುಬಿನ ಅಣ್ಣತಮ್ಮಂದಿರಿಗೆ ಹೇಳುವುದಿಷ್ಟು. ಚಾಣದ ತಲೆ ಅರಳಿದ್ದು ಕಂಡರೆ ಆ ದಿನವೇ ಸಾಣೆ ಹಿಡಿದು ತೆಗೆಯಿರಿ. ಕಬ್ಬಿಣ ಹೊಡೆಯುವಾಗ ಕಣ್ಣಿಗೆ ಏನಾದರೂ ಬಿದ್ದರೆ, ನೋವು ಇಲ್ಲದಿದ್ದರೂ, ಉಜ್ಜಬೇಡಿ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಕಣ್ಣನ್ನು ಒತ್ತದ ಹಾಗೆ ಮೇಲೊಂದು ಕಾಗದದ ಲೋಟ ಮುಚ್ಚಿ ಕಟ್ಟಿ, ಅದೇ ದಿನ ಕಣ್ಣಿನ ಆಪರೇಷನ್ ಮಾಡುವ ಆಸ್ಪತ್ರೆಗೆ ಹೋಗಿ. ಅವರು ಕೇಳದಿದ್ದರೂ “ಕಬ್ಬಿಣಕ್ಕೆ ಸುತ್ತಿಗೆ ಹೊಡೆಯುತ್ತಿದ್ದೆ, ಒಳಗೆ ಚೂರು ಹೋಗಿರಬಹುದು, ಎಕ್ಸ್‌ರೇ ಇಲ್ಲವೇ ಸಿ.ಟಿ. ಮಾಡಿಸಿ” ಎಂದು ನೀವೇ ಹೇಳಿ. ಕುಲುಮೆ ಪಕ್ಕ ಕೂರುವ ಮಕ್ಕಳನ್ನು ದೂರ ಕಳಿಸಿ.

ರೈತರಿಗೂ ಒಂದು ಮಾತು. ಚೂರು ತಡೆಯುವ ಪ್ಲಾಸ್ಟಿಕ್ ಕನ್ನಡಕ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಈ ಸುಗ್ಗಿಗೆ ಕುಡ್ಲು ತೆಗೆದುಕೊಂಡು ಹೋಗುವಾಗ ನಿಮ್ಮೂರಿನ ಆಚಾರ್ರ ಮೂಗಿನ ಮೇಲೆ ಅದು ಇದೆಯೇ ನೋಡಿ. ಇಲ್ಲದಿದ್ದರೆ ಒಂದು ಕೊಂಡುಕೊಡಿ. ಸಮ್ಮಟಿ ಹೊಡೆಯುವ ಅವರ ಹೆಂಡತಿಗೂ ಒಂದು.